ಮೂರು ಬೆರಳಿಗೊಂದು ಗಡ್ಡೆ

ಬಾವಿ ಮಗ್ಗುಲಿನ ನಾಲ್ಕು ಮಡಿ ಸುಗಂಧರಾಜ ದೃಷ್ಟಿ ತಾಗಿ ಹಾಳಾಯಿತು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಸುಳ್ಳು. ಹಾಳು ಮಾಡಿದವಳು ನಾನು. ವಿಷ ಹಾಕಲಿಲ್ಲ, ನೀರು ತಪ್ಪಿಸಲಿಲ್ಲ, ದನ ಬಿಡಲಿಲ್ಲ. ಹೇಳಿದ ಹಾಗೆ ಕೇಳಿದೆ, ಅಷ್ಟೇ. ಹೇಳಿದವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಅವಳು ಈಗ ಇಲ್ಲ. ಇದ್ದಿದ್ದರೂ ಇದನ್ನೇ ಬರೆಯುತ್ತಿದ್ದೆ.

ನನ್ನ ತವರು ಹೊಳೆಮಣ್ಣೂರು. ಮಲಪ್ರಭೆಯ ದಂಡೆಯಲ್ಲಿ ನಮ್ಮವ್ವನಿಗೆ ಒಂದು ತುಂಡು ನೆಲವಿತ್ತು. ಹೊಳೆ ತಂದು ಹಾಕಿದ ಮೆತ್ತನೆಯ ಮಣ್ಣು. ಅದರಲ್ಲಿ ಅವಳು ಸುಗಂಧರಾಜ ಬೆಳೆಯುತ್ತಿದ್ದಳು. ಸಾಲೆಗೆ ನಾನು ಹೋದದ್ದು ಎರಡು ವರ್ಷ, ಅವ್ವನ ಹಿಂದೆ ಮಡಿಗೆ ಹೋದದ್ದು ಎಂಟು ವರ್ಷ. ಗಜೇಂದ್ರಗಡದ ಹತ್ತಿರದ ಹಳ್ಳಿಗೆ ನನ್ನನ್ನು ಕೊಟ್ಟಾಗ ಅವಳು ಹಳೆಯ ಧೋತರದಲ್ಲಿ ಗಡ್ಡೆಗಳನ್ನು ಕಟ್ಟಿ ಕೈಗಿಟ್ಟಳು. ಬೇರೆ ಕೊಡಲು ಏನೂ ಇರಲಿಲ್ಲ.

"ಗೇಣಿಗೊಂದ ಹಚ್ಚು," ಎಂದಳು. "ಉಳ್ಳಾಗಡ್ಡಿ ಅಲ್ಲ ಇದು, ಕಿತ್ತು ಚೀಲಾ ತುಂಬಾಕ. ಮೂರ ವರ್ಷ ನೆಲದಾಗ ಇರತೈತಿ, ಸುತ್ತ ಮರಿ ಹಾಕತೈತಿ. ಹಚ್ಚೂ ದಿನಾ ನೆಲಾ ನೋಡಬ್ಯಾಡ, ಮೂರನೇ ವರ್ಷದ ಮರಿ ನೋಡು."

"ನೆಲಾ ಖಾಲಿ ಕಾಣತೈತಲ್ಲಬೇ. ಮಂದಿ ನಗತಾರ."

"ನಗಲಿ. ನಕ್ಕವರ ಹಲ್ಲ ಕಾಣತಾವ, ನಿನಗೇನು?"

ಆಮೇಲೆ ನನ್ನ ಕೈ ಹಿಡಿದು ನೋಡಿ, "ನಿನ್ನ ಗೇಣ ಸಣ್ಣದೈತಿ," ಎಂದು, ಒಂದು ಜಾಲಿ ಕಡ್ಡಿಯನ್ನು ತನ್ನ ಗೇಣಿಗೆ ಹಿಡಿದು ಮುರಿದು ಕೊಟ್ಟಳು. ಆ ಕಡ್ಡಿ ಗಡ್ಡೆಯ ಗಂಟಿನೊಳಗೇ ನನ್ನ ಜೊತೆ ಬಂತು.

ಗಂಡನ ಮನೆಯಲ್ಲಿ ಎತ್ತು ಹೂಡಿ ನೀರೆತ್ತುವ ಬಾವಿ ಇತ್ತು. ನೀರು ಮೊದಲು ಮುಟ್ಟುವ ನಾಲ್ಕು ಮಡಿಗಳನ್ನು ಅತ್ತೆ ನನಗೆ ಬಿಟ್ಟುಕೊಟ್ಟರು. ಯುಗಾದಿ ಕಳೆದು ನೆಲ ಹದ ಮಾಡಿ, ಕಡ್ಡಿ ಇಟ್ಟು, ಒಂದು ಗೇಣಿಗೊಂದು ಗಡ್ಡೆ, ಸಾಲಿನಿಂದ ಸಾಲಿಗೂ ಒಂದು ಗೇಣು ಹಚ್ಚಿದೆ. ನೆಗೆಣ್ಣಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಅವಳು ನರಗುಂದದ ಕಡೆಯವಳು. ಅವಳ ತವರಿನಲ್ಲಿ ಎರೆಹೊಲ, ಕಣ್ಣು ಹಾಯುವ ತನಕ ಉಳ್ಳಾಗಡ್ಡಿ. ನಾಲ್ಕು ಬೆರಳಿಗೊಂದು ಅಗಿ, ಅಂದರೆ ಸಸಿ, ಹಚ್ಚಿ ಬೆಳೆದ ಕೈ.

"ಏನವಾ ತಂಗಿ," ಎಂದಳು, "ಎರಡು ಗಡ್ಡಿ ನಡುವ ಎಮ್ಮಿ ಕಟ್ಟತೀಯೇನ?"

ಅತ್ತೆ ನಕ್ಕರು. ನಾನೂ ನಕ್ಕೆ. ಹೊಸ ಸೊಸೆ, ನಗದೆ ಏನು ಮಾಡಲಿ.

ಮೊದಲನೇ ವರ್ಷ ಹೂ ಬಂತು, ಭಾಳ ಅಲ್ಲ. ಎರಡನೇ ವರ್ಷ ಒಂದೊಂದು ಗಡ್ಡೆಯ ಸುತ್ತ ಮರಿ ಎದ್ದು, ಒಂದು ಕೋಲು ಬರುವಲ್ಲಿ ನಾಲ್ಕೈದು ಕೋಲು ಬಂದವು. ಬೆಳ್ಳಂಬೆಳಿಗ್ಗೆ ಹೂ ಬಿಡಿಸಿ, ಬುಟ್ಟಿಗೆ ಹಸಿ ಬಟ್ಟೆ ಮುಚ್ಚಿ, ತಲೆಯ ಮೇಲೆ ಸಿಂಬೆ ಇಟ್ಟು ನಾನೇ ಗಜೇಂದ್ರಗಡಕ್ಕೆ ಒಯ್ಯುತ್ತಿದ್ದೆ. ಒಂದು ಹರದಾರಿ ದಾರಿ. ಗುಡ್ಡದ ನೆರಳು ರಸ್ತೆಯ ಮೇಲಿಂದ ಸರಿಯುವುದರೊಳಗೆ ಊರು ಮುಟ್ಟುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಮಾಲೆ ಕಟ್ಟುವ ಹೂಗಾರ ಮುದುಕನೊಬ್ಬ ಕೂಡುತ್ತಿದ್ದ. ಬುಟ್ಟಿಯ ಬಟ್ಟೆ ಸರಿಸಿ, "ಬಾ ತಂಗಿ, ನಿನ್ನ ಹೂವಿಗೆ ದಾರಾನೂ ಹಿಗ್ಗತೈತಿ," ಅನ್ನುತ್ತಿದ್ದ. ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳುತ್ತಾ ತಿರುಗಿ ಬರುತ್ತಿದ್ದೆ. ಹೋಗಿ ಬರುವ ಆ ಹೊತ್ತು ನನ್ನದು. ಅಷ್ಟು ಹೊತ್ತು ಮನೆಯಲ್ಲಿ ಬೀಸುವ ಕಲ್ಲು ನೆಗೆಣ್ಣಿಯ ಪಾಲು. ಅವಳಿಗೆ ಹೊಟ್ಟೆ ಉರಿದದ್ದು ಹೂವಿಗಲ್ಲ, ಆ ಕಲ್ಲಿಗೆ. ಅದು ನನಗೆ ಆಗಲೂ ಗೊತ್ತಿತ್ತು.

ಮೂರನೇ ವರ್ಷದ ಮಳೆಗಾಲದಲ್ಲಿ ಹೊಳೆ ಏರಿ ಬಂದು ಅವ್ವನ ದಂಡೆಯ ನೆಲವನ್ನು ಗಡ್ಡೆ ಸಮೇತ ಒಯ್ಯಿತು. ಅವಳ ಬೀಜ ಇನ್ನು ಉಳಿದದ್ದು ನನ್ನ ನಾಲ್ಕು ಮಡಿಯಲ್ಲಿ ಮಾತ್ರ. ಮುಂದಿನ ಬೇಸಿಗೆಯಲ್ಲಿ ಮಡಿ ಕಿತ್ತಾಗ ಅರ್ಧ ಗಡ್ಡೆ ಅವಳಿಗೆ ಕೊಟ್ಟು ಬರಬೇಕು ಎಂದುಕೊಂಡಿದ್ದೆ. ಬೇಸಿಗೆ ಬಂತು, ಅವ್ವ ಜ್ವರ ಬಂದು ಮಲಗಿದಳು. ನಾನು ಮುಟ್ಟುವುದರೊಳಗೆ ಮಾತು ನಿಂತಿತ್ತು. ಮಣ್ಣು ಮಾಡಿ, ಹದಿಮೂರು ದಿನ ಅಲ್ಲಿದ್ದು, ರೋಣದಲ್ಲಿ ಬಸ್ಸು ಬದಲಿಸಿ ತಿರುಗಿ ಬಂದೆ.

ಬಂದು ನೋಡುತ್ತೇನೆ, ನಾಲ್ಕೂ ಮಡಿ ಕಿತ್ತು ಹಾಕಿದ್ದಾರೆ. ಗಡ್ಡೆಗಳ ರಾಶಿ ದನದ ಕೊಟ್ಟಿಗೆಯಲ್ಲಿ ಬಿದ್ದಿದೆ. ನೆಗೆಣ್ಣಿ ಅದರ ಮುಂದೆ ಕೂತು ಉಳ್ಳಾಗಡ್ಡಿ ಆರಿಸಿದ ಹಾಗೆ ದಪ್ಪನೆಯವನ್ನು ಒಂದು ಕಡೆ, ಸಣ್ಣವನ್ನು ಒಂದು ಕಡೆ ಮಾಡುತ್ತಿದ್ದಾಳೆ.

ನಾನು ಅತ್ತೆಯ ಮುಖ ನೋಡಿದೆ.

"ಮೂರನೇ ವರ್ಷ ಕೀಳೂದು ಇತ್ತಲ್ಲ," ಎಂದರು. "ನೀ ಇರಲಿಲ್ಲ. ಆಕಿ ನಾ ಮಾಡ್ತೀನಿ ಅಂದ್ಲು. ದಟ್ಟ ಹಚ್ಚಿದ್ರ ಅದ ನೆಲದಾಗ ಮೂರ ಪಟ್ಟ ಹೂ ಬರತೈತಂತ. ಮಡೀನೂ ಆಕೀನ ನೋಡಿಕೊಳ್ಳಲಿ, ಬುಟ್ಟೀನೂ ಆಕೀನ ಒಯ್ಯಲಿ. ಹಿರೇ ಸೊಸಿ."

ಗಂಡನಿಗೆ ಹೇಳಿದೆ. ಅವರು ಎತ್ತಿನ ಮೈ ಉಜ್ಜುತ್ತಿದ್ದರು. "ಅತ್ತಿಗಿ ಹಿರ್ಯಾಕಿ. ಮಾಡಲಿ ಬಿಡು. ನಿನಗ ಬಿಸಲಾಗ ತಿರಗೂದು ತಪ್ಪತು," ಎಂದರು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಮಡಿಯ ಬದುವಿನಲ್ಲಿ ಸಿಕ್ಕಿಸಿಟ್ಟಿದ್ದ ಜಾಲಿ ಕಡ್ಡಿ ಹುಡುಕಿದೆ. ಇರಲಿಲ್ಲ.

"ಅಕ್ಕಾರ, ನನ್ನ ಕಡ್ಡಿ ಎಲ್ಲೈತ್ರಿ?"

"ಯಾವ ಕಡ್ಡಿ? ಬದುವಿನ್ಯಾಗ ಇದ್ದದ್ದಾ? ಒಲಿಗೆ ಹಾಕೀನಿ." ಅವಳು ತಲೆ ಎತ್ತಲೂ ಇಲ್ಲ. "ನಿಮ್ಮವ್ವನ ಕೂಡ ಆಕಿ ಅಳತೀನೂ ಹೋತು ಬಿಡ. ಬಾ, ಗಡ್ಡಿ ಹಚ್ಚಾಕ ಕೈ ಬೇಕಾಗ್ಯಾವ."

ಹದಿಮೂರು ದಿನ ಅತ್ತು ಬಂದಿದ್ದೆ. ಅವತ್ತು ಅಳಲಿಲ್ಲ. ಸೆರಗು ಸಿಕ್ಕಿಸಿ ಮಡಿಗೆ ಇಳಿದೆ.

ಈಗ ಕೇಳುವವರು ಕೇಳಬಹುದು, ಒಂದು ಮಾತು ಹೇಳಬಹುದಿತ್ತಲ್ಲ ಎಂದು. ಹೇಳಬಹುದಿತ್ತು. ಉಳ್ಳಾಗಡ್ಡಿ ಒಂದು ಸುಗ್ಗಿಯ ಪೀಕು, ನಾಲ್ಕು ತಿಂಗಳು ಇದ್ದು ಎದ್ದು ಹೋಗುತ್ತದೆ, ಅದಕ್ಕೆ ನಾಲ್ಕು ಬೆರಳು ಸಾಕು. ಇದು ನೆಲದಲ್ಲೇ ಕೂತು ಮರಿ ಹಾಕುವ ಗಡ್ಡೆ. ಒತ್ತಿ ಹಚ್ಚಿದರೆ ಮೊದಲನೇ ವರ್ಷ ಹೂವೇ ಹೂವು, ಯಾಕೆಂದರೆ ಗಡ್ಡೆ ಹೆಚ್ಚು. ಎರಡನೇ ವರ್ಷ ಮರಿಗೆ ಜಾಗವಿಲ್ಲ. ಮೂರನೇ ವರ್ಷ ಹುಲ್ಲು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ನಾನು ಹೇಳಲಿಲ್ಲ. ಬದಲಿಗೆ ಹೀಗೆ ಕೇಳಿದೆ:

"ಅಕ್ಕಾರ, ನಾಲ್ಕ ಬೆರಳ್ರಿ, ಮೂರ್ರಿ?"

ನಾನು ಕೇಳಿದ ದನಿ ಎಷ್ಟು ಮೆತ್ತಗಿತ್ತೆಂದರೆ ಅವಳಿಗೆ ಖುಷಿಯಾಯಿತು.

"ಮೂರ ಹಚ್ಚು," ಎಂದಳು. "ನೆಲಾ ಕಾಣಬಾರದು ನೋಡು."

ನನ್ನ ಬೆರಳು ಸಣ್ಣವು. ಅವಳ ಮೂರು ಬೆರಳು ಬೇರೆ, ನನ್ನ ಮೂರು ಬೆರಳು ಬೇರೆ. ನನ್ನವನ್ನೇ ಇಟ್ಟು ಹಚ್ಚಿದೆ. ಬೆರಳು ಬಿಗಿಯಾಗಿ ಜೋಡಿಸಿ, ಸಂದು ಬಿಡದೆ. ಅವಳು ಎರಡು ಮಡಿ ಮಾಡುವುದರಲ್ಲಿ ನಾನು ಎರಡು ಮಡಿ ಮಾಡಿದೆ, ಗಡ್ಡೆ ಮಾತ್ರ ನನ್ನ ಮಡಿಯಲ್ಲಿ ಹೆಚ್ಚು ಹಿಡಿದವು. "ಭಾಳ ಚಲೋ ಹಚ್ಚತೀ ತಂಗಿ," ಎಂದು ಅವಳೇ ಹೊಗಳಿದಳು.

ಸಣ್ಣ ಗಡ್ಡೆಗಳನ್ನು ಅವಳು ತಿಪ್ಪೆಗೆ ಚೆಲ್ಲಿಸಿದಳು. ಉಳ್ಳಾಗಡ್ಡಿಯಲ್ಲಿ ಸಣ್ಣದಕ್ಕೆ ಬೆಲೆಯಿಲ್ಲ, ಇದರಲ್ಲಿಯೂ ಹಾಗೇ ಎಂದುಕೊಂಡಳು. ಸುಗಂಧರಾಜದ ಸಣ್ಣ ಗಡ್ಡೆ ಒಂದು ವರ್ಷ ಬರೀ ಎಲೆ ಕೊಡುತ್ತದೆ, ಒಳಗೆ ದಪ್ಪಗಾಗುತ್ತದೆ, ಆಮೇಲೆ ಹೂ ಬಿಡುತ್ತದೆ. ಅವ್ವ ಬುಟ್ಟಿಗಟ್ಟಲೆ ಸಾಕಿದ್ದನ್ನು ಕಂಡಿದ್ದೆ. ಸೆಗಣಿ ಹಾಕಲು ಹೋದಾಗಲೆಲ್ಲ ತಿಪ್ಪೆಯಿಂದ ನಾಲ್ಕು ನಾಲ್ಕು ಆರಿಸಿ ತಂದು, ಬಚ್ಚಲ ನೀರು ಹರಿಯುವ ಹಿತ್ತಲಿನಲ್ಲಿ ಊರಿದೆ. ಕಡ್ಡಿ ಇರಲಿಲ್ಲ. ನನ್ನ ಗೇಣಿನ ಮೇಲೆ ಎರಡು ಬೆರಳು ಕೂಡಿಸಿದರೆ ಅವ್ವನ ಗೇಣು. ಅದು ನನಗೆ ಕೈಯಲ್ಲಿ ನೆನಪಿತ್ತು.

ಆ ವರ್ಷ ಬಾವಿಯ ಮಗ್ಗುಲು ಬೆಳ್ಳಗಾಯಿತು. ಸುಳ್ಳು ಯಾಕೆ ಹೇಳಲಿ, ನಾನು ಅಷ್ಟು ಹೂ ಕಂಡಿರಲಿಲ್ಲ. ನೆಗೆಣ್ಣಿ ಇಳಕಲ್ ಸೀರೆ ಉಟ್ಟು ಬುಟ್ಟಿ ಹೊತ್ತು ಗಜೇಂದ್ರಗಡಕ್ಕೆ ಹೋದಳು, ನಾನು ಜೋಳ ಬೀಸಿದೆ. ತಿರುಗಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, "ಹೂಗಾರ ಕೇಳಿದ ನಿನ್ನ. ಈಗ ಹಿರ್ಯಾಕೀನ ಬರತೀನಿ ಅಂದೆ," ಅನ್ನುವಳು. ಬಂದವರ ಮುಂದೆಲ್ಲ, "ನಮ್ಮ ತಂಗಿ ಎಮ್ಮಿ ಕಟ್ಟೂ ಅಷ್ಟ ಜಾಗಾ ಬಿಡತಿದ್ಲು," ಎಂದು ನಗುವಳು. ಹಿತ್ತಲಿಗೆ ಹೋದಾಗ ನನ್ನ ಸಸಿ ನೋಡಿ, "ಹುಲ್ಲ ಯಾಕ ಬೆಳಿಸೀ? ಮೇಯಾಕ?" ಎಂದಳು.

"ಇರಲಿ ಬಿಡ್ರಿ ಅಕ್ಕಾರ, ಬಚ್ಚಲ ಕೆಸರು ಹೀರತೈತಿ," ಎಂದೆ.

ನಾನು ಕಾದೆ. ಕಾಯುವುದು ಕಷ್ಟ ಅನ್ನುತ್ತಾರೆ. ನನಗೆ ಕಷ್ಟವಾಗಲಿಲ್ಲ. ಬೀಸುವಾಗ ಕಲ್ಲಿನ ಒಂದು ಸುತ್ತಿಗೆ ಒಂದು ಮರಿ ಎಂದು ಲೆಕ್ಕ ಹಾಕುತ್ತಿದ್ದೆ. ನೆಲದೊಳಗೆ ಅವು ಒಂದನ್ನೊಂದು ಒತ್ತುತ್ತಿದ್ದವು, ನಾನು ಮೇಲೆ ಕೂತು ಬೀಸುತ್ತಿದ್ದೆ.

ಎರಡನೇ ಮಳೆಗಾಲಕ್ಕೆ ಶುರುವಾಯಿತು. ಎಲೆ ಒತ್ತಾಗಿ ಬೆಳೆದು ಕಳೆ ತೆಗೆಯುವ ಕುರ್ಚಿಗಿ ಒಳಗೆ ಹೋಗದಾಯಿತು. ಕೈ ಹಾಕಿ ಕಿತ್ತರೆ ಕಳೆಯ ಜೊತೆ ಗಡ್ಡೆಯೂ ಬರುತ್ತಿತ್ತು. ನೀರು ಬಿಟ್ಟರೆ ಬುಡದಲ್ಲಿ ನಿಂತು ಕೊಳೆಯಿತು, ಬಿಡದಿದ್ದರೆ ಬಾಡಿತು. ಹೂವಿನ ಕೋಲು ಬತ್ತಿಯ ಹಾಗೆ ಸಣ್ಣಗೆ ಬಂದು ಬಗ್ಗಿ ಬಿತ್ತು. ಮರಿಗಳಿಗೆ ಮಗ್ಗುಲಲ್ಲಿ ಜಾಗ ಸಿಗದೆ ಗಡ್ಡೆಗಳು ನೆಲದಿಂದ ಮೇಲೆದ್ದು ಉಬ್ಬುಹಲ್ಲಿನ ಹಾಗೆ ಕಾಣುತ್ತಿದ್ದವು. ನಾನು ಹಚ್ಚಿದ ಎರಡು ಮಡಿ ಮೊದಲು ಹೋದವು.

ನೆಗೆಣ್ಣಿ ಗೊಬ್ಬರ ಹಾಕಿದಳು. ಬೂದಿ ಚೆಲ್ಲಿದಳು. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. "ಯಾರ ಕಣ್ಣ ಬಿತ್ತೋ," ಎಂದು ಅತ್ತೆ, ಬಡಿಗೆಯ ತುದಿಗೆ ಹಳೆಯ ಕೆರ ಕಟ್ಟಿ ಮಡಿಯ ನಡುವೆ ನೆಡಲು ನನಗೇ ಹೇಳಿದರು. ಚಲೋ ಗಂಟು ಹಾಕಿ ಕಟ್ಟಿದೆ. ಗಾಳಿಗೆ ಬಿದ್ದೀತು ಎಂದು ಎರಡು ಸಲ ಬಿಗಿದೆ.

ಒಂದು ದಿನ ನೀರು ತರುವಾಗ ನೆಗೆಣ್ಣಿ ಬಾವಿಯ ಹತ್ತಿರ ಕೊಡ ಇಳಿಸಿ ನಿಂತಳು. ದನಿ ಇಳಿದಿತ್ತು.

"ತಂಗಿ, ಖರೇ ಹೇಳು. ನಿಮ್ಮವ್ವ ಇದಕ್ಕ ಏನರ ಹೇಳಿದ್ಲೇನ?"

ಆ ಹೊತ್ತಿಗೆ ಹೇಳಿದ್ದರೆ ಅರ್ಧ ಉಳಿಯುತ್ತಿತ್ತು. ಒಂದು ಬಿಟ್ಟು ಒಂದು ಕಿತ್ತಿದ್ದರೆ ಸಾಕಿತ್ತು. ಅವಳು ಕೇಳಿದ್ದು ಸೊಕ್ಕಿನಿಂದಲ್ಲ, ಅದೂ ಗೊತ್ತಿತ್ತು. ಅವ್ವನ ಬೀಜ ಅದು, ಅದೂ ಗೊತ್ತಿತ್ತು. ಆದರೆ ನನಗೆ ಒಲೆಯಲ್ಲಿ ಉರಿದ ಕಡ್ಡಿ ಕಾಣುತ್ತಿತ್ತು.

"ನಮ್ಮವ್ವನ ಕೂಡ ಆಕಿ ಅಳತೀನೂ ಹೋತಲ್ರಿ ಅಕ್ಕಾರ," ಎಂದೆ. ಕೊಡ ಎತ್ತಿಕೊಂಡು ಹೊರಟೆ.

ಇತ್ತ ಹಿತ್ತಲಿನ ಗಡ್ಡೆಗಳು ದಪ್ಪಗಾಗಿ ಕೋಲು ಎತ್ತತೊಡಗಿದವು. ಒಂದೂ ಅರಳಲು ಬಿಡಲಿಲ್ಲ. ಕೋಲು ಕಂಡ ಕೂಡಲೇ ಚಿವುಟಿ ಬಚ್ಚಲ ಒಲೆಗೆ ಹಾಕಿದೆ. ಹೂ ಬಿಡದ ಗಡ್ಡೆ ಇನ್ನೂ ಕೊಬ್ಬುತ್ತದೆ.

ಮುಂದಿನ ಯುಗಾದಿ ಕಳೆದು, ನಾನು ಹಚ್ಚಿದ್ದ ಮಡಿಗಳಲ್ಲಿ ಒಂದನ್ನು ಕಿತ್ತು ಗಡ್ಡೆಗಳನ್ನು ಕೊಟ್ಟಿಗೆಯಲ್ಲಿ ಹಾಕಿದರು. ಅಲ್ಲಿ ಮೆಣಸಿನ ಅಗಿ ಹಚ್ಚುವ ಮಾತು ನಡೆಯಿತು. ಉಳಿದ ಮೂರು ಮಡಿಯಿಂದ ಲಗ್ನದ ದಿನಗಳಿಗೆ ಹೂ ಕೊಡುತ್ತೇವೆ ಎಂದು ಅತ್ತೆ ಹೂಗಾರನಿಗೆ ಮಾತು ಕೊಟ್ಟಿದ್ದರು. ಅದು ಗೊತ್ತಾದ ದಿನದಿಂದ ನಾನು ಹಿತ್ತಲಿನ ಕೋಲು ಚಿವುಟುವುದನ್ನು ನಿಲ್ಲಿಸಿದೆ.

ವೈಶಾಖದಲ್ಲಿ ನೇಕಾರರ ಮನೆಯೊಂದರ ಲಗ್ನ ಬಂತು. ನೆಗೆಣ್ಣಿ ಮೂರು ಮಡಿ ಬಾಚಿ ಎರಡು ಬುಟ್ಟಿ ತುಂಬಿಸಿದಳು. ಎರಡನೆಯದನ್ನು ಹೊರಲು ನಾನು ಹೋದೆ. ಎರಡು ವರ್ಷದ ಮೇಲೆ ಆ ದಾರಿ ತುಳಿದೆ. ಮುದುಕ ನನ್ನನ್ನು ನೋಡಿ, "ಏನ ತಂಗಿ, ಸತ್ತೇ ಹೋದಿ ಅಂದಕೊಂಡಿದ್ದೆ," ಎಂದು ನಕ್ಕ. ಆಮೇಲೆ ಬುಟ್ಟಿಯ ಬಟ್ಟೆ ಸರಿಸಿದ. ಒಂದು ಹೂ ಎತ್ತಿ ಬೆಳಕಿಗೆ ಹಿಡಿದ. ಸೂಜಿ ಚುಚ್ಚಿದ, ಹೂವಿನ ಕೊರಳು ಹರಿಯಿತು. ಇನ್ನೊಂದು, ಅದೂ ಹರಿಯಿತು.

"ಇದೇನವಾ?" ಎಂದು ನೆಗೆಣ್ಣಿಯ ಮುಖ ನೋಡಿದ. "ಸುಗಂಧರಾಜ ತಾ ಅಂದ್ರ ಉಳ್ಳಾಗಡ್ಡಿ ಹೂ ತಂದೀ? ಮದುಮಗನ ಕೊರಳಾಗ ಇದನ್ನ ಹಾಕ್ಲ್ಯಾ?"

ಬಸ್ಸಿಗೆ ಕಾದಿದ್ದವರು ನಕ್ಕರು. ಅವನು ಎರಡೂ ಬುಟ್ಟಿ ತಿರುಗಿ ನಮ್ಮ ಕಡೆ ಸರಿಸಿದ. ದಾರಿಯಲ್ಲಿ ನೆಗೆಣ್ಣಿ ಹೂಗಳನ್ನು ಆಡಿನ ಹಿಂಡಿನ ಮುಂದೆ ಸುರಿದಳು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಅವತ್ತು ಆಡೂ ಮೂಸಿ ಮುಂದೆ ಹೋದವು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಯ ತನಕ ಬಂದಳು. ನನಗೆ ಅಯ್ಯೋ ಅನಿಸಲಿಲ್ಲ. ಅನಿಸಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ಅನಿಸಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದವರು ನಡುವೆ ನಿಲ್ಲಿಸಿ ಮೂಗು ಎತ್ತಿದರು. ಸುಗಂಧರಾಜ ಹೊತ್ತು ಮುಳುಗಿದ ಮೇಲೆಯೇ ವಾಸನೆ ಬಿಡುತ್ತದೆ. ಎದ್ದು ವಾಸನೆ ಹಿಡಿದು ಬಚ್ಚಲ ಹಿಂದೆ ಹೋದರು. ನಾನು ಹಿಂದೆ ಹೋದೆ. ಕೋಲುಗಳು ನನ್ನ ಎದೆಯುದ್ದ ನಿಂತಿದ್ದವು. ಬುಡದ ನಡುವೆ ನೆಲ ಖಾಲಿ, ಒಂದು ಗೇಣು.

ಅತ್ತೆ ಬಗ್ಗಿ ಆ ಖಾಲಿ ನೆಲದ ಮೇಲೆ ಅಂಗೈಯಿಟ್ಟರು.

"ಎಲ್ಲಾ ಗೊತ್ತಿತ್ತೇನ ನಿನಗ?"

"ಗೊತ್ತಿತ್ರಿ ಅತ್ತೀಯಾರ."

"ಆಕಿ ಕೇಳಿದಾಗ ಹೇಳಾಕ ಏನಾಗಿತ್ತು?"

"ಹೇಳೂ ಮನಸ ಇರಲಿಲ್ರಿ."

ಅವರು ಅಂಗೈಯ ಮಣ್ಣು ಕೊಡವಿ ಎದ್ದರು. "ಹಾವಿಗೆ ಹಲ್ಲಾಗ ವಿಷ, ನಿನಗ ನಾಲಿಗ್ಯಾಗ. ಅದೂ ಸುಮ್ಮನಿದ್ದ ನಾಲಿಗ್ಯಾಗ," ಎಂದರು. ಆಮೇಲೆ, "ಮೆಣಸಿನ ಅಗಿ ಬ್ಯಾಡ. ಮಡಿ ನಿಂದ. ಬುಟ್ಟೀನೂ ನಿಂದ," ಎಂದು ಒಳಗೆ ಹೋದರು. ಈ ಮಾತನ್ನು ಅವರು ಸಾಯುವ ತನಕ ಯಾರಿಗೂ ಹೇಳಲಿಲ್ಲ. ನೆಗೆಣ್ಣಿಯೂ ದೃಷ್ಟಿ ಎಂದೇ ಹೇಳಿಕೊಂಡು ತಿರುಗಿದಳು. ಮೂರು ಬೆರಳು ಎಂದು ಹೇಳುವುದಕ್ಕಿಂತ ಅವಳಿಗೆ ಅದೇ ಹಗುರ.

ಮರುದಿನ ಬೆಳಿಗ್ಗೆ ಹಿತ್ತಲಿನ ಹೂ ಬಿಡಿಸಿ ಗಜೇಂದ್ರಗಡಕ್ಕೆ ಒಯ್ದು ಕೊಟ್ಟು, ಬಿಸಿಲೇರುವುದರೊಳಗೆ ತಿರುಗಿ ಬಂದೆ. ನೆಗೆಣ್ಣಿ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಕೊಟ್ಟಿಗೆಯಿಂದ ಗಡ್ಡೆ ತಂದು ಖಾಲಿ ಮಡಿಯ ಬದುವಿನಲ್ಲಿ ಸುರಿದು ಅವಳನ್ನು ಕರೆದೆ.

"ಬರ್ರಿ ಅಕ್ಕಾರ. ನನ್ನ ಕಡ್ಡಿ ಸುಟ್ಟೀರಲ್ರಿ. ನಿಮ್ಮ ಕೈ ಬೇಕಾಗೈತಿ."

ಅವಳು ಬಂದು ಕುಕ್ಕರುಗಾಲಿನಲ್ಲಿ ಕೂತು ನೆಲದ ಮೇಲೆ ಗೇಣು ಚಾಚಿದಳು. ಕಿರುಬೆರಳಿನ ತುದಿಗೆ ನಾನು ಗಡ್ಡೆ ಊರುವುದು, ಅವಳು ಹೆಬ್ಬೆರಳನ್ನು ಅಲ್ಲಿಗೆ ತಂದು ಮತ್ತೆ ಚಾಚುವುದು. ಅವಳ ಗೇಣು ಅವ್ವನ ಗೇಣಿಗಿಂತ ಒಂದು ಬೆರಳು ಕಡಿಮೆ. ಪ್ರತಿ ಗಡ್ಡೆಗೂ, "ಇನ್ನೊಂದು ಬೆರಳು ಸರೀರಿ ಅಕ್ಕಾರ," ಎಂದೆ. ಅವಳು ಸರಿದಳು. ಮಡಿ ಮುಗಿಯುವ ತನಕ ಪ್ರತಿ ಗಡ್ಡೆಗೂ ಅಂದೆ.